ಬಾಲದ ನಡುಕ ತಲೆಯಲ್ಲಿ

"ಎಲ್ಲರೂ ಬಾಲ ನೋಡಿದ್ರು," ಎಂದರು ಅತ್ತಿಗೆ. "ತಲೆ ಯಾರೂ ನೋಡಿಲ್ಲ. ಬಾ, ಇಲ್ಲಿ ಬಗ್ಗು."

ಇಲಾಖೆಯವರೆಲ್ಲರ ಬಾಯಲ್ಲೂ ಸೂಜಿ ಎಂದೇ ಹೆಸರಾದ ಇನ್‌ಸ್ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಅತ್ತಿಗೆಯ ಮುಂದೆ ಅವನು ಎಂದೂ ಟೋಪಿ ಹಾಕಿಕೊಂಡವನಲ್ಲ. ಪರದೆಯ ಮೇಲೆ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ಹರಿದಿತ್ತು. ಅದು ಸತ್ತ ಮನುಷ್ಯನ ಎದೆಬಡಿತ. ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಮಲಗಿದ್ದ, ಸೇತುವೆ ಕಟ್ಟುತ್ತಿದ್ದ ಮುದಿ ಎಂಜಿನಿಯರರ ಹೃದಯ, ಹಾಸಿಗೆಯ ಪಕ್ಕದ ಯಂತ್ರದ ಹತ್ತಿರ ಆಡಿಹೋದ ಕೊನೆಯ ಮಾತು.

ಆ ಕೋಣೆಯ ನರ್ಸಮ್ಮ ಈಗ ಲಾಕಪ್ಪಿನಲ್ಲಿದ್ದಳು. ಯಂತ್ರ ಆರಿಸಿ ಎದ್ದುಹೋದಳು, ಎದೆ ನಿಂತಾಗ ಅಲಾರಂ ಕೂಗಲಿಲ್ಲ, ಮುದುಕರು ಯಾರಿಗೂ ತಿಳಿಯದೆ ಹೋದರು ಎಂಬುದು ಅವಳ ಮೇಲಿನ ಆರೋಪ. ಇವತ್ತು ಮಧ್ಯಾಹ್ನ ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಈ ಗೆರೆಯೊಂದೇ ಸಾಕ್ಷಿಯಾದರೆ ಜೈಲು ಖಂಡಿತ. ಮನೆಯಲ್ಲಿ ದಿನ ತುಂಬಿದ ಮಗಳಿದ್ದಾಳೆ, ಹೆರಿಗೆಗೆ ಬೇರೆ ದಿಕ್ಕಿಲ್ಲ.

ನರ್ಸಮ್ಮ ಹೇಳುವುದೇ ಬೇರೆ. ಪಡಸಾಲೆಯ ತನ್ನ ಮೇಜು ಬಿಟ್ಟು ಏಳಲೇ ಇಲ್ಲ, ಎದುರಿನ ಪರದೆಯಲ್ಲಿ ಮುದುಕರ ಎದೆ ಚೆನ್ನಾಗಿ ಬಡಿಯುತ್ತಲೇ ಇತ್ತು, ವೈರು ಕಳಚಿದ ಸದ್ದು ಕೇಳಿ ಒಳಗೆ ಓಡಿದೆ, ಮುಟ್ಟಿದರೆ ಮೈ ತಣ್ಣಗಾಗಿತ್ತು. ಎಷ್ಟು ಸಲ ಕೇಳಿದರೂ ಒಂದಕ್ಷರ ಬದಲಾಗಿರಲಿಲ್ಲ. ಕೇಳಿದವರು ತಲೆ ಅಲ್ಲಾಡಿಸಿದ್ದರು. ತಣ್ಣಗಾದ ಮೈಯಲ್ಲಿ ಎದೆ ಬಡಿಯುವುದುಂಟೆ? ಮೇಲಾಗಿ, ದಾಖಲೆಯ ಗೆರೆ ಅವಳು ಓಡಿದ ಹೊತ್ತಿಗಿಂತ ಬಹಳ ಮುಂಚೆಯೇ, ಯಾವ ಗಲಾಟೆಯೂ ಇಲ್ಲದೆ, ಗುಂಡಿ ಒತ್ತಿ ಆರಿಸಿದ ಹಾಗೆ ತೆಪ್ಪಗೆ ನಿಂತುಹೋಗಿತ್ತು.

ಅತ್ತಿಗೆ ಗೆರೆಯ ತೀರಾ ಎಡತುದಿಯನ್ನು ದೊಡ್ಡದು ಮಾಡಿದರು. ಇನ್ನಷ್ಟು. ಮತ್ತಷ್ಟು.

ಆಗ ಕಂಡಿತು. ಮೊದಲ ಬಡಿತಕ್ಕೂ ಮುಂಚೆ, ಸುಮ್ಮನೆ ನೇರವಾಗಿ ಇರಬೇಕಾದ ಕಡೆ, ಗೆರೆ ನಡುಗುತ್ತಿತ್ತು. ಒಂದು ಚುಕ್ಕಿ ಮೇಲೆ, ಒಂದು ಕೆಳಗೆ, ಮತ್ತೊಂದು ಮೇಲೆ. ಗರಗಸದ ಹಲ್ಲಿನ ಹಾಗೆ. ಹಲ್ಲು ಸಣ್ಣದಾಗುತ್ತಾ ಆಗುತ್ತಾ ಕೊನೆಗೆ ಇಲ್ಲವಾಗಿತ್ತು.

ಏನಿದು, ಹೆದರಿಕೆಯೇ ಎಂದು ಸೂಜಿ ಕೇಳಿದ.

"ಹೃದಯದ ಹೆದರಿಕೆ ಅಲ್ಲ ಕಣೋ. ಇದು ನನ್ನ ಕೋಡಿನ ಕೈವಾಡ."

ಆಸ್ಪತ್ರೆಯ ಯಂತ್ರಗಳಿಂದ ಹರಿದುಬರುವ ಗೆರೆಗಳಿಗೆಲ್ಲ ಕಂಪ್ಯೂಟರ್ ಕೋಡ್ ಬರೆಯುವವರು ಈ ಅತ್ತಿಗೆ. ಬಟ್ಟೆ ಒಗೆಯುವ ವಿಭಾಗದ ಹಿಂದೆ, ಗೋಡೆಯ ಮೇಲೆ ಬಿಸಿನೀರಿನ ಕೊಳವೆಗಳು ಓಡಾಡುವ ಇಕ್ಕಟ್ಟಿನ ಕೋಣೆಯಲ್ಲಿ ಅವರ ಕೆಲಸ. ಸೊಸೆಯಾಗಿ ಬಂದ ವರ್ಷ ಮೈದುನನಾದ ಈ ಸೂಜಿ ಲೆಕ್ಕದಲ್ಲಿ ನಪಾಸಾಗಿ ಮೂಲೆ ಹಿಡಿದಿದ್ದ. ಒಲೆಯ ಪಕ್ಕ ಕೂರಿಸಿಕೊಂಡು ಭಿನ್ನರಾಶಿ ಹೇಳಿಕೊಟ್ಟು ದಡ ಸೇರಿಸಿದವರು ಇವರೇ. ಇವತ್ತೂ ಹಾಗೆಯೇ ಪಕ್ಕಕ್ಕೆ ಸ್ಟೂಲು ಎಳೆದು, ಕೂತ್ಕೋ ಎಂದರು.

ಹಾಸಿಗೆ ಪಕ್ಕದ ಯಂತ್ರ ಸೆಕೆಂಡಿಗೆ ಐನೂರು ಚುಕ್ಕಿ ಇಡುತ್ತದೆ. ದಾಖಲೆ ಕೊಠಡಿಯಲ್ಲಿ ಜಾಗ ಸಾಲದು, ಅಲ್ಲಿ ಇಡುವುದು ಇನ್ನೂರೇ. ಐನೂರನ್ನು ಇನ್ನೂರು ಮಾಡಬೇಕು.

ಅದಕ್ಕೇನು, ನಡುನಡುವೆ ಕೆಲವು ಚುಕ್ಕಿ ಎತ್ತಿ ಎಸೆದರಾಯಿತು ಎಂದ ಸೂಜಿ.

"ಭಿನ್ನರಾಶಿ ಮರೆತೆಯಾ? ಎರಡೂವರೆಗೊಂದು ಚುಕ್ಕಿ ಬೇಕು. ಆ ಅರೆ ಚುಕ್ಕಿ ಎಲ್ಲಿಂದ ತರ್ತೀಯ? ಅದನ್ನ ಯಂತ್ರ ಅಳೆದೇ ಇಲ್ವಲ್ಲ."

ಅವನು ಪೆಚ್ಚಾಗಿ ನಕ್ಕ.

ಅತ್ತಿಗೆ ಇನ್ನೊಂದು ಗೆರೆ ತೆರೆದರು. ಇದು ನಿಮ್ಮಣ್ಣನದು ಎಂದರು. ಕೋಡ್ ಬರೆಯುವಾಗ ಒಂದು ಹೃದಯ ಬೇಕಾಗಿತ್ತು, ರೈಲು ಇಳಿದು ಬಂದು ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಗಂಡನ ಎದೆಗೆ ವೈರು ಅಂಟಿಸಿ ತೆಗೆದುಕೊಂಡಿದ್ದರಂತೆ. ಅಣ್ಣ ರೈಲಿನ ಎಂಜಿನ್ ಓಡಿಸುವವನು. ಅವನ ಬಡಿತದ ಇಳಿಜಾರಿನಲ್ಲಿ ಸಣ್ಣದೊಂದು ಕಚ್ಚು ಇತ್ತು, ಚಾಕುವಿನ ಅಂಚು ಮುಕ್ಕಾದ ಹಾಗೆ. ಆಗೊಮ್ಮೆ ಈಗೊಮ್ಮೆ ಒಂದು ಬಡಿತ ಅವಸರಪಟ್ಟು ಎಡವಿ, ಆಮೇಲೆ ತಪ್ಪಾಯಿತು ಎಂಬಂತೆ ಒಂದು ಗಳಿಗೆ ಸುಮ್ಮನಿರುತ್ತಿತ್ತು. ಅಪಾಯವಿಲ್ಲವೆಂದು ವೈದ್ಯರು ಹೇಳಿದ್ದರು.

"ಈ ಆಸ್ಪತ್ರೆಯ ಯಂತ್ರಗಳೆಲ್ಲ ರಿಪೇರಿ ಆದ್ಮೇಲೆ ನಿಮ್ಮಣ್ಣನ ಗುಂಡಿಗೆ ನೋಡೇ ಪಾಸಾಗ್ಬೇಕು. ಒಂದು ಡಬ್ಬಿಗೆ ತುಂಬಿ ಇಟ್ಟಿದೀನಿ, ವೈರು ಸಿಕ್ಕಿಸಿದ್ರೆ ಸಾಕು. ಮನೇಲಿ ಮಾತು ಕೇಳ್ದೆ ಇದ್ರೂ ಇಲ್ಲಿ ಹೇಳಿದಾಗ ಬಡೀತಾರೆ."

ಹೀಗೆಂದು ಅವರು ಒಂದು ಕೀಲಿ ಒತ್ತಿದರು. ಗಂಡನ ಎದೆಬಡಿತ ಮಾಯವಾಯಿತು. ಅದರ ಜಾಗದಲ್ಲಿ ಒಂದೇ ಒಂದು ಅಲೆ, ನಿದ್ದೆಯ ಉಸಿರಿನ ಹಾಗೆ ನಿಧಾನವಾಗಿ ಏರಿ ಇಳಿಯುವ ಅಲೆ, ತುದಿಯಿಂದ ತುದಿಗೆ ಮಲಗಿತ್ತು.

ಇನ್ನೊಂದು ಅಲೆ ಸೇರಿಸಿದರು, ಸ್ವಲ್ಪ ಚುರುಕಿನದು. ಮತ್ತೊಂದು, ಅದಕ್ಕಿಂತ ಚುರುಕಿನದು. ಒಂದೊಂದೂ ಏನೂ ಅರಿಯದ ನುಣುಪಾದ ಅಲೆ. ಯಾವುದರಲ್ಲೂ ಮೂಲೆಯಿಲ್ಲ, ಮೊನೆಯಿಲ್ಲ, ಹೃದಯದ ಚಹರೆಯಿಲ್ಲ. ಆದರೆ ಅವು ಸೇರುತ್ತಾ ಹೋದಂತೆ ಗೆರೆಯಲ್ಲಿ ಒಂದು ಗುಡ್ಡ ಎದ್ದಿತು. ಗುಡ್ಡ ಚೂಪಾಯಿತು. ಪಕ್ಕದಲ್ಲಿ ಕಣಿವೆ ಬಿದ್ದಿತು. ಕೊನೆಗೆ ಕೂದಲಿನಷ್ಟು ಸಣ್ಣ ಅಲೆಗಳು ಬಂದು ಕೂತಾಗ, ಅಣ್ಣನ ಆ ಕಚ್ಚು, ಆ ಎಡವು, ಎಲ್ಲವೂ ಎಲ್ಲಿಂದಲೋ ನಡೆದುಬಂದು ತಮ್ಮ ತಮ್ಮ ಜಾಗದಲ್ಲಿ ನಿಂತವು.

ಸೂಜಿ ಪರದೆಗೆ ಇನ್ನಷ್ಟು ಬಗ್ಗಿದ. ಕತ್ತಲ ಕೋಣೆಗೆ ಬೆಳಕು ಬರುತ್ತಾ ಬರುತ್ತಾ ಗೋಡೆಯ ಮೇಲಿನ ಚಿತ್ರ ಮನೆಯವರದೇ ಎಂದು ಗೊತ್ತಾದ ಹಾಗಿತ್ತು.

ಇದಕ್ಕೆ ಫೋರಿಯರ್ ಪರಿವರ್ತನೆ ಎನ್ನುತ್ತಾರೆ ಎಂದರು ಅತ್ತಿಗೆ. ಕೋಡಿನಲ್ಲಿ ಮೂರೇ ಸಾಲು. ಒಂದು ಸಾಲು ಗೆರೆಯನ್ನು ಅಲೆಗಳಾಗಿ ಬಿಡಿಸುತ್ತದೆ. ಎರಡನೆಯದು ಜರಡಿ, ಇನ್ನೂರು ಚುಕ್ಕಿಯಲ್ಲಿ ಹಿಡಿಸಲಾರದಷ್ಟು ಸಣ್ಣ ಅಲೆಗಳನ್ನು ಉದುರಿಸುತ್ತದೆ. ಮೂರನೆಯದು ಉಳಿದದ್ದನ್ನು ಮತ್ತೆ ಹೆಣೆದು, ಬೇಕಾದ ಕಡೆ ಚುಕ್ಕಿ ಇಡುತ್ತದೆ.

"ಯಂತ್ರ ನೋಡದೇ ಇದ್ದ ಗಳಿಗೇಲೂ ಹೃದಯ ಎಲ್ಲಿತ್ತು ಅಂತ ಅಲೆಗಳಿಗೆ ಗೊತ್ತು. ನಾನೇ ಬರೆದಿದ್ದು. ಆದ್ರೂ ಪ್ರತಿ ಸಲ ಮೈ ಜುಮ್ಮೆನ್ನುತ್ತೆ."

ಆಮೇಲೆ ಅಣ್ಣನ ಎರಡು ಬಡಿತಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು. ಅಕ್ಕಪಕ್ಕದ ಬಡಿತಗಳು, ಒಂದೇ ಎದೆಯವು. ಆದರೂ ಕೂರಲಿಲ್ಲ. ಎಲ್ಲೋ ಒಂದು ಕೂದಲೆಳೆ ಆಚೆ, ಒಂದು ಕೂದಲೆಳೆ ಈಚೆ. ಬದುಕಿರುವ ಹೃದಯ ಒಮ್ಮೆ ಬಡಿದ ಹಾಗೆ ಇನ್ನೊಮ್ಮೆ ಬಡಿಯುವುದಿಲ್ಲ ಎಂದರು.

ಸರಿ, ಈ ನಡುಕ ಎಲ್ಲಿಂದ ಬಂತು ಎಂದು ಸೂಜಿ ಮತ್ತೆ ಮೊದಲಿಗೆ ಬಂದ.

ಅತ್ತಿಗೆ ಕೈಯ ಬಳೆ ಬಿಚ್ಚಿ ಮೇಜಿನ ಮೇಲಿಟ್ಟರು. ನಾವು ಗೆರೆಗೆ ತಲೆ ಬೇರೆ, ಬಾಲ ಬೇರೆ ಎಂದುಕೊಳ್ಳುತ್ತೇವೆ. ಈ ವಿದ್ಯೆಗೆ ಅದು ಗೊತ್ತಿಲ್ಲ. ಅದು ಗೆರೆಯನ್ನು ಬಗ್ಗಿಸಿ ಬಳೆ ಮಾಡುತ್ತದೆ. ಬಾಲ ಮುಗಿದ ಕಡೆಯೇ ತಲೆ ಶುರು. ಎರಡೂ ಒಂದೇ ಮಟ್ಟದಲ್ಲಿದ್ದರೆ ಬೆಸುಗೆ ಕಾಣುವುದಿಲ್ಲ. ಬಾಲ ಎತ್ತರದಲ್ಲಿ ನಿಂತು ತಲೆ ತಗ್ಗಿನಲ್ಲಿದ್ದರೆ, ಅಲೆಗಳು ಆ ಮೆಟ್ಟಿಲಲ್ಲಿ ಎಡವುತ್ತವೆ. ಎಡವಿದ ನಡುಕ ಎರಡು ಕಡೆಗೂ ಹಬ್ಬುತ್ತದೆ. ಬಾಲಕ್ಕೂ, ತಲೆಗೂ.

ಸೂಜಿ ಬಳೆಯನ್ನೇ ನೋಡುತ್ತಾ ಕೂತ. ಅವನ ಬೆರಳು ಮೆಲ್ಲನೆ ಗೆರೆಯ ಬಲತುದಿಗೆ ಹೋಯಿತು. ಅಲ್ಲಿ ಬಾಲ ನುಣ್ಣಗಿತ್ತು, ತಲೆಯ ಮಟ್ಟದಲ್ಲೇ ಇತ್ತು, ಅಲ್ಲಿ ನಡುಕವಿರಲಿಲ್ಲ.

"ಅತ್ತಿಗೆ, ಇದು ಅದರ ಬಾಲ ಅಲ್ಲ."

"ಈಗ ಪಾಸಾದೆ."

ನಿಜವಾದ ಬಾಲವನ್ನು ಯಾರೋ ಕತ್ತರಿಸಿದ್ದರು. ಕತ್ತರಿಸಿದ್ದು ಕೋಡ್ ಬಳೆ ಮಾಡಿ ಮುಗಿಸಿದ ಮೇಲೆ. ಆ ಹೊತ್ತಿಗೆ ಬಾಲ ತನ್ನ ಗುಟ್ಟನ್ನು ತಲೆಯ ಕಿವಿಯಲ್ಲಿ ಹೇಳಿ ಆಗಿತ್ತು. ಮೊದಲ ಚುಕ್ಕಿ ಮೇಲಕ್ಕೆ ಹಾರಿದೆ, ಅಂದರೆ ಬಾಲ ಎತ್ತರದಲ್ಲಿತ್ತು. ಎಷ್ಟು ನಡುಗಿದೆ ಎಂಬುದರಿಂದ ಎಷ್ಟು ಎತ್ತರ ಎಂಬುದೂ ಸಿಗುತ್ತದೆ. ಅತ್ತಿಗೆ ಲೆಕ್ಕ ಹಾಕಿಯೇ ಇಟ್ಟಿದ್ದರು. ಯಾವ ಮನುಷ್ಯನ ಹೃದಯವೂ ಆ ಎತ್ತರಕ್ಕೆ ಹಾರಲಾರದು. ವೈರು ಕಿತ್ತು ಬಿದ್ದಾಗ ಮಾತ್ರ ಗೆರೆ ಅಲ್ಲಿಗೆ ಹಾರಿ ಯಂತ್ರದ ಅಳತೆಯ ಮೇಲ್ತುದಿಗೆ ಬಡಿಯುತ್ತದೆ.

ವೈರು ಕಳಚಿದ ಸದ್ದು ಕೇಳಿ ಓಡಿದೆ ಎಂದಿದ್ದಳಲ್ಲ ನರ್ಸಮ್ಮ. ಅವಳು ಯಂತ್ರ ಆರಿಸಿರಲಿಲ್ಲ.

ಸೂಜಿ ಎದ್ದ, ಅತ್ತಿಗೆಯೂ ಜೊತೆಗೆ ಹೊರಟರು. ಇಲ್ಲದ ಬಾಲದ ಎತ್ತರವನ್ನು ಗೆರೆಯ ಇನ್ನೊಂದು ತುದಿಯಲ್ಲಿ ಅಳೆಯಬಹುದೆಂದು ಬೆಳಿಗ್ಗೆ ಯಾರಾದರೂ ಹೇಳಿದ್ದರೆ ಅವನು ನಗುತ್ತಿದ್ದ.

ದಾಖಲೆ ಕೊಠಡಿ ಮೇಲಿನ ಮಹಡಿಯಲ್ಲಿತ್ತು. ಅಲ್ಲಿನ ಮೇಲ್ವಿಚಾರಕರನ್ನು ಆಸ್ಪತ್ರೆಯವರು ಹಿಂದಿನಿಂದ ಕತ್ತರಿ ಎನ್ನುತ್ತಿದ್ದರು. ಅದಕ್ಕೆ ಕಾರಣವಿತ್ತು. ಪ್ರತಿ ರೋಗಿಯ ಗೆರೆಯ ಕೊನೆಯಲ್ಲೂ ವೈರು ಬಿಚ್ಚುವ ಗಲಾಟೆ ಇರುತ್ತದೆ. ಅದು ಕಣ್ಣಿಗೆ ಒರಟು ಎಂದು ಅವರು ಪ್ರತಿಯೊಂದರ ಬಾಲವನ್ನೂ ಕೈಯಾರೆ ಸವರಿ, ಚೊಕ್ಕಟ ಮಾಡಿ ಇಡುತ್ತಿದ್ದರು. ಯಾರೂ ಹೇಳಿದ ಕೆಲಸವಲ್ಲ, ಯಾರೂ ಬೇಡವೆಂದದ್ದೂ ಇಲ್ಲ. ಕತ್ತರಿ ಹಾಕಿದ್ದಕ್ಕೆ ಸೂಜಿ ಬಂತಾ ಎಂದು ಅವರೇ ನಕ್ಕು ಕುರ್ಚಿ ತೋರಿಸಿದರು.

ಸೂಜಿ ಕೂರಲಿಲ್ಲ. ಮೂಲೆಯ ಕೋಣೆಯ ಗೆರೆಯಲ್ಲಿ ಎಷ್ಟು ಸವರಿದಿರಿ ಎಂದು ಕೇಳಿದ.

ಎಲ್ಲದರಲ್ಲೂ ಸವರುವಷ್ಟೇ ಎಂದರು ಅವರು. ಒಂದು ಚಿಟಿಕೆ.

ಅತ್ತಿಗೆ ಮಾತಿಗೆ ಬಂದರು. ಚಿಟಿಕೆ ಹೋಗಿದ್ದರೆ ನರ್ಸಮ್ಮ ಓಡಿದ ಹೊತ್ತಿನವರೆಗೂ ಗೆರೆ ಇರಬೇಕಾಗಿತ್ತು. ಇದು ಎಷ್ಟೋ ಮುಂಚೆ ನಿಂತಿದೆ. ತಲೆಯ ನಡುಕವನ್ನೂ ಬಳೆಯನ್ನೂ ಅವರು ವಿವರಿಸುತ್ತಿದ್ದಂತೆ ಮೇಲ್ವಿಚಾರಕರ ಮುಖದ ನಗು ಒಂದೊಂದೇ ಚುಕ್ಕಿಯಾಗಿ ಉದುರಿತು. ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ತಲೇಲಿ ಕಾಣುತ್ತಾ?" ಎಂದು ಕೇಳಿದರು. ಆ ದನಿಯಲ್ಲಿ ಭಯಕ್ಕಿಂತ ಬೆರಗೇ ಹೆಚ್ಚಿತ್ತು. "ಇಷ್ಟು ವರ್ಷ ಕತ್ತರಿಸ್ತಾನೇ ಬಂದೆನಲ್ಲಮ್ಮ. ಎಲ್ಲದರ ತಲೇಲೂ ಕಾಣುತ್ತಾ?"

"ಎಲ್ಲದರಲ್ಲೂ. ಯಾರೂ ಅಷ್ಟು ಹತ್ತಿರ ಹೋಗಿ ನೋಡಿಲ್ಲ ಅಷ್ಟೇ."

ಸೂಜಿ ಆ ಗಳಿಗೆಯನ್ನು ಬಿಡಲಿಲ್ಲ. "ನಿಮ್ಮ ಚೊಕ್ಕಟಕ್ಕೆ ಒಬ್ಬ ಹೆಂಗಸು ಒಳಗಿದಾಳೆ ಸ್ವಾಮಿ. ಬಾಲದಲ್ಲಿ ಏನಿತ್ತು ಹೇಳಿ."

ಅವರು ಕಿಟಕಿಯ ಕಡೆ ತಿರುಗಿದರು. ಕೆಳಗೆ ಅಂಗಳದಲ್ಲಿ ಒಗೆದ ಬಿಳಿ ಹೊದಿಕೆಗಳು ಸಾಲಾಗಿ ಹಾರುತ್ತಿದ್ದವು.

"ಎದೆಬಡಿತ ಇತ್ತು," ಎಂದರು. "ಸತ್ತು ಮೈ ತಣ್ಣಗಾದ ಮನುಷ್ಯನ ಎದೆ ಬಡೀತಾ ಇತ್ತು. ಆರೋಗ್ಯವಾಗಿ. ನಾನು ಏನಂತ ಬರೆದಿಡಲಿ?"

ಉಳಿದದ್ದನ್ನು ತಡವರಿಸಿ ಹೇಳಿದರು. ಆ ಯಂತ್ರಗಳನ್ನು ಆಯ್ದು ತರಿಸಿದ್ದು ಅವರೇ. ಹೆಣಕ್ಕೂ ಎದೆಬಡಿತ ತೋರಿಸುವ ಯಂತ್ರ ಎಂದು ಹೆಸರು ಬಂದರೆ ಮಾನ ಹೋಗುತ್ತದೆ. ಅದಕ್ಕೇ, ಗಲಾಟೆ ಶುರುವಾಗುವ ಮುಂಚೆ ಗೆರೆ ಎಲ್ಲಿ ನೆಮ್ಮದಿಯಾಗಿತ್ತೋ ಅಲ್ಲಿಗೆ ಕತ್ತರಿ ಹಾಕಿದರು. ಅದು ಯಂತ್ರ ಆರಿಸಿದ ಹಾಗೆ ಕಾಣುತ್ತದೆಂದು, ಅದರಿಂದ ನರ್ಸಮ್ಮನ ಕತ್ತಿಗೆ ಬರುತ್ತದೆಂದು ಆಗ ಹೊಳೆಯಲಿಲ್ಲ. ಹೊಳೆದಾಗ ಬಾಯಿ ಬಿಡುವ ಧೈರ್ಯ ಇರಲಿಲ್ಲ.

ಹಾಸಿಗೆ ಪಕ್ಕದ ಯಂತ್ರದಲ್ಲಿ ಮೂಲ ಗೆರೆ ಇನ್ನೂ ಇದೆಯೇ ಎಂದು ಅತ್ತಿಗೆ ಕೇಳಿದರು.

"ಅಳಿಸೋಕೆ ಕೈ ಬರಲಿಲ್ಲ," ಎಂದರು ಮೇಲ್ವಿಚಾರಕರು. ಮೇಜಿನ ಕೆಳಗಿನಿಂದ ಬಟ್ಟೆ ಸುತ್ತಿದ ಯಂತ್ರವನ್ನು ಹಸುಗೂಸಿನ ಹಾಗೆ ಎತ್ತಿ ಕೊಟ್ಟರು.

ಅತ್ತಿಗೆಯ ಕೋಣೆಗೆ ಮರಳಿದಾಗ ಸೂಜಿಯ ಹೆಜ್ಜೆ ಹಗುರವಾಗಿತ್ತು. ಮೂಲ ಗೆರೆ ಪರದೆಗೆ ಬಂತು. ಮುದುಕರ ಹೃದಯ, ದಣಿದದ್ದು, ಆದರೂ ನಡೆಯುತ್ತಿದ್ದದ್ದು. ಅದಾದ ಮೇಲೆ ಒಂದು ಸಣ್ಣ ಗಲಾಟೆ, ಅಲಾರಂ ಬಾಯಿ ತೆರೆಯುವಷ್ಟರೊಳಗೆ ಮುಗಿದದ್ದು. ಅದರಾಚೆ ಶಾಂತವಾದ ಬಡಿತ, ಬಹಳ ಹೊತ್ತು. ಕಟ್ಟಕಡೆಗೆ, ನಡುಕ ಹೇಳಿದ್ದ ಎತ್ತರದಲ್ಲೇ, ಗೋಡೆಯಂತೆ ಎದ್ದ ಆ ಮೆಟ್ಟಿಲು.

ಲೆಕ್ಕ ಹಾಕಿದ್ದಕ್ಕೂ ಕಂಡದ್ದಕ್ಕೂ ಉಗುರಿನಷ್ಟೂ ವ್ಯತ್ಯಾಸವಿರಲಿಲ್ಲ.

ನರ್ಸಮ್ಮ ನೋಡಿದ್ದೆಲ್ಲ ನಿಜ. ಯಾರೋ ಹಿಂಬಾಗಿಲಿನಿಂದ ಬಂದು ಮುದುಕರ ಎದೆಯಿಂದ ವೈರು ಕಿತ್ತು ಇನ್ನೊಂದು ಹೃದಯಕ್ಕೆ ಸಿಕ್ಕಿಸಿದ್ದರು, ಕೊನೆಗೆ ಅದನ್ನೂ ಕಿತ್ತುಕೊಂಡು ಅದೇ ದಾರಿಯಲ್ಲಿ ಹೋಗಿದ್ದರು. ಮುದುಕರು ಸಾಯುತ್ತಿದ್ದಷ್ಟು ಹೊತ್ತೂ ಪಡಸಾಲೆಯ ಪರದೆ ಆ ಬೇರೆ ಹೃದಯವನ್ನು ತೋರಿಸುತ್ತಿತ್ತು. ಇನ್ನು ಉಳಿದದ್ದು ಒಂದೇ ಪ್ರಶ್ನೆ, ಆ ಹೃದಯ ಯಾರದು. ಬೆರಳಚ್ಚಿನ ಹಾಗೆ ಹೃದಯದ ಗುರುತೂ ಹಿಡಿಯಬಹುದೇ ಎಂದು ಸೂಜಿ ಕೇಳಿದ.

ಅತ್ತಿಗೆ ಆಗಲೇ ಗೆರೆಯನ್ನು ದೊಡ್ಡದು ಮಾಡುತ್ತಿದ್ದರು. ಅವರ ಕಣ್ಣು ಗೆರೆಯ ಇಳಿಜಾರಿನಲ್ಲಿ ಒಂದು ಕಡೆ ನೆಟ್ಟಿತ್ತು.

ಅಲ್ಲಿ ಸಣ್ಣದೊಂದು ಕಚ್ಚು ಇತ್ತು. ಚಾಕುವಿನ ಅಂಚು ಮುಕ್ಕಾದ ಹಾಗೆ.

ಸ್ವಲ್ಪ ಮುಂದೆ ಒಂದು ಬಡಿತ ಅವಸರಪಟ್ಟು ಎಡವಿ, ಒಂದು ಗಳಿಗೆ ಸುಮ್ಮನಾಯಿತು.

ಸೂಜಿಯೂ ನೋಡಿದ. ಮುದುಕರು ಸತ್ತ ಮಧ್ಯಾಹ್ನ ಅಣ್ಣ ಎಂಜಿನ್ ಮೇಲಿದ್ದ, ನೂರಾರು ಜನರನ್ನು ಎಳೆದುಕೊಂಡು ನದಿ ದಾಟುತ್ತಿದ್ದ. ಅವನೇ ಹೇಳಿದ್ದಲ್ಲ, ರೈಲ್ವೆಯವರೇ ಹೇಳಬಲ್ಲ ಮಾತು. ಒಬ್ಬನ ಎದೆ ಎರಡು ಕಡೆ ಬಡಿಯುವುದು ಹೇಗೆ?

ಅತ್ತಿಗೆಯ ಬೆರಳುಗಳು ಓಡತೊಡಗಿದವು. ಮೂಲ ಗೆರೆ ಐನೂರು ಚುಕ್ಕಿಯದು, ಅವರಲ್ಲಿದ್ದ ಗಂಡನ ಗೆರೆ ಇನ್ನೂರರದು. ಹೋಲಿಸಬೇಕಾದರೆ ಎರಡನ್ನೂ ಒಂದೇ ಅಳತೆಗೆ ತರಬೇಕು. ಈ ಸಲ ಎರಡು ತುದಿಗೂ ಜಾಗ್ರತೆಯಾಗಿ ಇಳಿಜಾರು ಕಟ್ಟಿ, ಬೆಸುಗೆಯಲ್ಲಿ ನಡುಕ ಹುಟ್ಟದಂತೆ ನೋಡಿಕೊಂಡರು. ಅಲೆಗಳಾಗಿ ಬಿಡಿಸಿದರು, ಜರಡಿ ಹಿಡಿದರು, ಹೆಣೆದರು. ಒಂದರ ಮೇಲೊಂದು ಇಟ್ಟರು.

ಎರಡು ಗೆರೆಗಳು ಒಂದಾದವು.

ಬಡಿತಕ್ಕೆ ಬಡಿತ. ಕಚ್ಚಿಗೆ ಕಚ್ಚು. ಎಡವಿಗೆ ಎಡವು. ಕೂದಲೆಳೆಯ ಸಂದೂ ಇರಲಿಲ್ಲ. ಇನ್ನೂ ಮುಂದೆ ಹೋದರೆ ಅದೇ ತುಂಡು ಮತ್ತೆ ಮೊದಲಿನಿಂದ ಬಂತು. ಮತ್ತೆ ಬಂತು.

"ಇದು ನಿಮ್ಮಣ್ಣ ಅಲ್ಲ," ಎಂದರು ಅತ್ತಿಗೆ ನಿಧಾನವಾಗಿ. "ಬದುಕಿರೋ ಹೃದಯ ಹೀಗೆ ಬಡಿಯಲ್ಲ. ಇದು ನನ್ನ ಡಬ್ಬಿ."

ಕತ್ತಿನ ದಾರದಲ್ಲಿ ನೇತಾಡುತ್ತಿದ್ದ ಬೀಗದ ಕೈ ಎಳೆದು ಮೇಜಿನ ಖಾನೆ ತೆರೆದರು. ಡಬ್ಬಿ ಇದ್ದಲ್ಲೇ ಇತ್ತು. ಅಂಗೈಯಗಲದ ಕಪ್ಪು ಡಬ್ಬಿ, ರೈಲು ಓಡಿಸುವವನ ಗುಂಡಿಗೆಯನ್ನು ತುಂಬಿಕೊಂಡು ತಣ್ಣಗೆ ಮಲಗಿತ್ತು.

"ನಾನು ವೈರನ್ನ ಎಂಟರ ಆಕಾರದಲ್ಲಿ ಸುತ್ತೋದು. ಇದನ್ನ ಯಾರೋ ದುಂಡಗೆ ಸುತ್ತಿಟ್ಟಿದಾರೆ."

ಅದು ಅವರ ಮಾತು ಮಾತ್ರ. ಆ ಎಂಟರ ಸುತ್ತನ್ನು ಅವರ ಹೊರತು ಕಂಡವರು ಯಾರೂ ಇಲ್ಲ. ಬೀಗದ ಕೈ ಇನ್ನೊಂದು ಯಾರ ಹತ್ತಿರ ಎಂದು ಸೂಜಿ ಕೇಳಿದ. ಇನ್ನೊಂದಿಲ್ಲ ಎಂದರು ಅತ್ತಿಗೆ.

ಗೋಡೆಯ ಕೊಳವೆಯಲ್ಲಿ ಬಿಸಿನೀರು ಗುಡುಗುಡು ಹರಿಯಿತು. ನ್ಯಾಯಾಲಯಕ್ಕೆ ಹೊರಡುವ ಹೊತ್ತಾಗಿತ್ತು.

"ಕೊಟ್ಟುಬಿಡು," ಎಂದರು ಅತ್ತಿಗೆ, ಪರದೆಯ ಕಡೆ ಕೈ ತೋರಿಸಿ. "ಇದನ್ನ ಕೊಟ್ರೆ ಅವಳು ಹೊರಗೆ ಬರ್ತಾಳೆ. ಮಗಳ ಹೆರಿಗೆಗೆ ಮನೇಲಿರ್ತಾಳೆ."

ಅವಳು ಹೊರಗೆ ಬಂದರೆ ಒಳಗೆ ಹೋಗುವವರು ಯಾರು ಎಂಬುದನ್ನು ಇಬ್ಬರೂ ಆಡಲಿಲ್ಲ.

ಸೂಜಿ ಸ್ಟೂಲಿನಿಂದ ಎದ್ದ. ಮೇಜಿನ ಮೇಲೆ ಬಳೆಯ ಪಕ್ಕದಲ್ಲಿದ್ದ ಟೋಪಿಯನ್ನು ಎತ್ತಿಕೊಂಡ. ಅದರ ಅಂಚನ್ನು ಒಂದು ಸುತ್ತು ಸವರಿದ. ಆಮೇಲೆ ತಲೆಯ ಮೇಲೆ ಇಟ್ಟುಕೊಂಡು ನೆಟ್ಟಗೆ ನಿಂತ.

"ಆ ಮಧ್ಯಾಹ್ನ ನೀವು ಎಲ್ಲಿದ್ರಿ?"

ಯಾವ ಲೆಕ್ಕಕ್ಕೂ ತಡಮಾಡದ ಅತ್ತಿಗೆ ಬಳೆಯನ್ನು ಕೈಗೇರಿಸಿಕೊಂಡು ಪರದೆಯ ಕಡೆಗೆ ತಿರುಗಿ ಕೂತರು.